ದೇಹದ ಅಂಗವ್ಯೂಹಗಳು: ಉರು ಹೊಡೆಯದೆ ಅರ್ಥ ಮಾಡಿಕೊಳ್ಳುವುದು ಹೇಗೆ?

ದೇಹದಲ್ಲಿ ಒಟ್ಟು ಎಷ್ಟು ವ್ಯೂಹಗಳಿವೆ? ಯಾವುದರಿಂದ ಓದಲು ಶುರು ಮಾಡಬೇಕು? ಓದಿದ್ದೆಲ್ಲ ವಾರದೊಳಗೆ ಮರೆತು ಹೋಗುತ್ತಲ್ಲ, ಏನು ಮಾಡೋದು? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳುವವರಲ್ಲಿ ಪರೀಕ್ಷೆಗೆ ಓದುವವರಿದ್ದಾರೆ, ಮಕ್ಕಳಿಗೆ ಪಾಠ ಹೇಳಿಕೊಡುವವರಿದ್ದಾರೆ. ರಕ್ತಪರೀಕ್ಷೆಯ ರಿಪೋರ್ಟ್ ಕೈಯಲ್ಲಿ ಹಿಡಿದು ತಲೆ ಕೆರೆದುಕೊಳ್ಳುವವರೂ ಇದ್ದಾರೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಸಾಮಾನ್ಯವಾಗಿ ಹನ್ನೊಂದು ಎಂದು ಎಣಿಸುತ್ತಾರೆ. ಅಂಗವ್ಯೂಹ ಎಂದರೆ ಒಂದು ಕೆಲಸಕ್ಕಾಗಿ ಕೂಡಿ ದುಡಿಯುವ ಅಂಗಗಳ ಗುಂಪು. ಆದರೆ ಈ ಹನ್ನೊಂದನ್ನು ಹನ್ನೊಂದು ಬೇರೆ ಬೇರೆ ಪಾಠಗಳಂತೆ ಓದಿದರೆ ಮರೆವು ಖಂಡಿತ. ಹೆಸರು ನೆನಪಿರುತ್ತದೆ, ಕೆಲಸ ನೆನಪಿರುವುದಿಲ್ಲ. ನಾನು ಹೇಳುವ ದಾರಿ ಬೇರೆ. ಒಂದು ವಸ್ತುವನ್ನು ಹಿಡಿದು, ಅದು ದೇಹದೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆನ್ನು ಹತ್ತಿ ಹೋಗಿ. ಆಮ್ಲಜನಕ, ಸಕ್ಕರೆ, ನೀರು, ಈ ಮೂರರ ದಾರಿ ಗೊತ್ತಾದರೆ ಮುಕ್ಕಾಲು ಪಾಲು ವ್ಯೂಹಗಳು ತಾವಾಗಿಯೇ ಜೋಡಿಕೊಳ್ಳುತ್ತವೆ.

ಏನೇನು ಬೇಕು?

ಸೆಕೆಂಡ್ ತೋರಿಸುವ ಗಡಿಯಾರ, ಒಂದು ಕನ್ನಡಿ, ದೊಡ್ಡ ಹಾಳೆ, ಕೆಂಪು ಮತ್ತು ನೀಲಿ ಪೆನ್ಸಿಲ್. ಜೊತೆಗೊಬ್ಬರು ಇದ್ದರೆ ಒಳ್ಳೆಯದು. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ದಿನಕ್ಕೊಂದು ಹಂತ ಸಾಕು.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಇಲ್ಲಿರುವ ಚಿಕ್ಕ ಪ್ರಯೋಗಗಳು ಅರ್ಥ ಮಾಡಿಕೊಳ್ಳಲು ಮಾತ್ರ, ಕಾಯಿಲೆ ಕಂಡುಹಿಡಿಯಲು ಅಲ್ಲ.

ಹಂತ 1: ರಕ್ತದ ದಾರಿಯನ್ನು ಬಿಡಿಸಿ

ಬಹಳಷ್ಟು ಪುಸ್ತಕಗಳು ಮೂಳೆಗಳಿಂದ ಶುರು ಮಾಡುತ್ತವೆ. 206 ಮೂಳೆಗಳ ಹೆಸರು ನೋಡಿಯೇ ಅರ್ಧ ಜನ ಪುಸ್ತಕ ಮುಚ್ಚುತ್ತಾರೆ. ನೀವು ರಕ್ತದಿಂದ ಶುರು ಮಾಡಿ. ಉಳಿದ ಎಲ್ಲ ವ್ಯೂಹಗಳೂ ರಕ್ತಕ್ಕೆ ಏನನ್ನಾದರೂ ಕೊಡುತ್ತವೆ, ಇಲ್ಲವೇ ಅದರಿಂದ ಏನನ್ನಾದರೂ ತೆಗೆದುಕೊಳ್ಳುತ್ತವೆ.

ಹಾಳೆಯ ನಡುವೆ ಒಂದು ಚೌಕ ಬರೆದು ನಾಲ್ಕು ಭಾಗ ಮಾಡಿ. ಅದೇ ಹೃದಯ. ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಇವು ರಕ್ತವನ್ನು ಬರಮಾಡಿಕೊಳ್ಳುತ್ತವೆ. ಕೆಳಗಿನ ಎರಡು ಹೃತ್ಕುಕ್ಷಿಗಳು, ಇವು ರಕ್ತವನ್ನು ಹೊರಗೆ ತಳ್ಳುತ್ತವೆ. ಚೌಕದ ಮೇಲೆ ಶ್ವಾಸಕೋಶ, ಕೆಳಗೆ ಉಳಿದ ದೇಹ ಎಂದು ಬರೆಯಿರಿ. ಈಗ ದಾರಿ ಎಳೆಯಿರಿ. ದೇಹದಿಂದ ಬಂದ ರಕ್ತ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಶ್ವಾಸಕೋಶದಿಂದ ಹೃದಯದ ಎಡಭಾಗಕ್ಕೆ, ಅಲ್ಲಿಂದ ಮತ್ತೆ ದೇಹಕ್ಕೆ. ಆಮ್ಲಜನಕ ಜಾಸ್ತಿ ಇರುವ ದಾರಿಗೆ ಕೆಂಪು, ಕಡಿಮೆ ಇರುವ ದಾರಿಗೆ ನೀಲಿ. ಚಿತ್ರದಲ್ಲಿರುವುದು ನಿಮ್ಮ ಎದುರಿಗೆ ನಿಂತ ವ್ಯಕ್ತಿ ಎಂದು ನೆನಪಿಡಿ. ಆತನ ಬಲ ನಿಮ್ಮ ಎಡಕ್ಕೆ ಬರುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗಗಳಿವೆ. "ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ" ಎಂದು ಉರು ಹೊಡೆದಿದ್ದರೆ ಅದನ್ನು ಅಳಿಸಿಬಿಡಿ. ಹೃದಯದಿಂದ ಹೊರಗೆ ಹೋಗುವ ನಾಳ ಅಪಧಮನಿ. ಹೃದಯಕ್ಕೆ ವಾಪಸ್ ಬರುವ ನಾಳ ಅಭಿಧಮನಿ. ಅಷ್ಟೇ ವ್ಯತ್ಯಾಸ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತವೇ ಇರುತ್ತದೆ. ಇನ್ನು ನೀಲಿ ಬಣ್ಣ ಬರೀ ಚಿತ್ರದ ಅನುಕೂಲಕ್ಕೆ. ರಕ್ತ ಯಾವತ್ತೂ ನೀಲಿ ಇರುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಕಡುಗೆಂಪಾಗುತ್ತದೆ. ಕೈಮೇಲಿನ ನರ ನೀಲಿಯಾಗಿ ಕಾಣುವುದು ಚರ್ಮದ ಮೂಲಕ ಬೆಳಕು ಹಾದು ಬರುವ ರೀತಿಯಿಂದ. ಅಂದ ಹಾಗೆ, ಮಾತಿನಲ್ಲಿ ನಾವು 'ನರ' ಎನ್ನುವುದು ಬಹಳ ಸಲ ಅಭಿಧಮನಿಯನ್ನೇ. ನಿಜವಾದ ನರಗಳು ಸಂದೇಶ ಒಯ್ಯುವ ಎಳೆಗಳು, ಅವುಗಳಲ್ಲಿ ರಕ್ತ ಹರಿಯುವುದಿಲ್ಲ. ಅವು ಹಂತ 5ಕ್ಕೆ ಇರಲಿ.

ಈಗ ನಾಡಿ ನೋಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದೇ ಮಿಡಿತ ಗೊಂದಲ ಮಾಡುತ್ತದೆ. ಕುತ್ತಿಗೆಯಲ್ಲಿ ನೋಡುವುದಾದರೆ ಎರಡೂ ಬದಿ ಒಟ್ಟಿಗೆ ಒತ್ತಲೇಬಾರದು. ಸುಮ್ನೆ ಕೂತಿರುವ ವಯಸ್ಕರಿಗೆ ನಿಮಿಷಕ್ಕೆ 60ರಿಂದ 100 ಬಡಿತ ಸಹಜ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಬೀಳುತ್ತದೆ. ಗುಣಿಸಿ ನೋಡಿ, ನಿಮಿಷಕ್ಕೆ ಹೆಚ್ಚು ಕಡಿಮೆ 5 ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು ಅಷ್ಟೇ.

ಇದೇ ಬಗೆಯ ಗುಣಾಕಾರ ಮಾಡಿಯೇ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಒಂದು ಹಳೆಯ ನಂಬಿಕೆಯನ್ನು ಕೆಡವಿದ್ದು. ತಿಂದ ಆಹಾರದಿಂದ ರಕ್ತ ಸದಾ ಹೊಸದಾಗಿ ಹುಟ್ಟಿ, ಅಂಗಗಳಲ್ಲಿ ಖರ್ಚಾಗಿಬಿಡುತ್ತದೆ ಎಂದು ಆಗ ತಿಳಿದಿದ್ದರು. ಅಷ್ಟೊಂದು ರಕ್ತವನ್ನು ಯಾರೂ ತಿಂದು ಹುಟ್ಟಿಸಲು ಸಾಧ್ಯವಿಲ್ಲ, ಆದ್ದರಿಂದ ಅದೇ ರಕ್ತ ಸುತ್ತುತ್ತಿರಬೇಕು ಎಂದ ಹಾರ್ವೆ. ಆತ ಮಾಡಿ ತೋರಿಸಿದ ಪ್ರಯೋಗವನ್ನು ನೀವೂ ಮಾಡಬಹುದು. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಮುಂಗೈಯಲ್ಲಿ ಉಬ್ಬಿದ ಒಂದು ಅಭಿಧಮನಿಯನ್ನು ಮಣಿಕಟ್ಟಿನ ಕಡೆ ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈ ಕಡೆಗೆ ಸವರಿ. ಆ ತುಂಡು ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನಿಂದ ರಕ್ತ ಹಿಂದಕ್ಕೆ ಇಳಿಯುವುದಿಲ್ಲ, ಏಕೆಂದರೆ ಒಳಗೆ ಒಂದೇ ಕಡೆ ತೆರೆಯುವ ಕವಾಟಗಳಿವೆ. ಕೆಳಗಿನ ಬೆರಳು ತೆಗೆದ ಕೂಡಲೇ ಅದು ತುಂಬಿಕೊಳ್ಳುತ್ತದೆ.

ಅಪಧಮನಿ, ಅಭಿಧಮನಿ ಎರಡೂ ಬರೀ ಸಾಗಾಟದ ನಾಳಗಳು. ನಿಜವಾದ ಕೊಡು-ಕೊಳ್ಳುವಿಕೆ ನಡೆಯುವುದು ಅವುಗಳ ನಡುವಿನ ಲೋಮನಾಳಗಳಲ್ಲಿ. ಇವುಗಳ ಗೋಡೆ ಒಂದೇ ಜೀವಕೋಶದಷ್ಟು ತೆಳು. ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ನುಸುಳಬೇಕಾದಷ್ಟು ಕಿರಿದು. ಹಾರ್ವೆ ಇವನ್ನು ಕಂಡಿರಲಿಲ್ಲ. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡುವಾಗ ಕಂಡ. ನಿಮ್ಮ ಚಿತ್ರದಲ್ಲಿ ಕೆಂಪು ಗೆರೆ ನೀಲಿಯಾಗುವ ಜಾಗದಲ್ಲಿ ಒಂದು ಬಲೆ ಬರೆಯಿರಿ. ಇದನ್ನು ಮರೆತರೆ ಮುಂದಿನ ಯಾವ ಹಂತವೂ ಅರ್ಥವಾಗುವುದಿಲ್ಲ.

ಎದೆಯಲ್ಲಿ ಬಿಗಿತ ಅಥವಾ ಭಾರ, ಅದು ಕೈಗೋ ದವಡೆಗೋ ಹರಡುವುದು, ಜೊತೆಗೆ ಬೆವರು, ಉಸಿರು ಕಟ್ಟುವುದು, ಇವು ಕಂಡರೆ ಪ್ರಯೋಗ ಮಾಡುತ್ತ ಕೂರಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.

ಹಂತ 2: ಉಸಿರನ್ನು ಹಿಂಬಾಲಿಸಿ

ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟು ಉಸಿರೆಳೆಯಿರಿ. ಗಾಳಿ ತುಂಬಿದ್ದರಿಂದ ಎದೆ ಹಿಗ್ಗಿತು ಎಂದು ಅನಿಸುತ್ತದೆ ಅಲ್ವಾ? ನಡೆಯುವುದು ಉಲ್ಟಾ. ಮೊದಲು ಎದೆ ಹಿಗ್ಗುತ್ತದೆ, ಆಮೇಲೆ ಗಾಳಿ ಒಳಗೆ ನುಗ್ಗುತ್ತದೆ. ತಾನಾಗಿ ಹಿಗ್ಗುವ ಸ್ನಾಯು ಶ್ವಾಸಕೋಶಕ್ಕಿಲ್ಲ. ಎದೆಗೂ ಹೊಟ್ಟೆಗೂ ನಡುವೆ ಹಾಸಿಕೊಂಡಿರುವ ವಪೆ ಎಂಬ ಸ್ನಾಯು ಕೆಳಗಿಳಿದು, ಪಕ್ಕೆಲುಬುಗಳು ಮೇಲೇರಿ ಒಳಗೆ ಜಾಗ ಮಾಡುತ್ತವೆ. ವಪೆ ಕೆಳಗೆ ಒತ್ತಿದ್ದಕ್ಕೇ ಹೊಟ್ಟೆ ಮುಂದೆ ಬರುವುದು.

ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ. ನೀವೇ ಎಣಿಸಿಕೊಂಡರೆ ಲಯ ಬದಲಾಗಿಬಿಡುತ್ತದೆ. ನೀವು ಏನಾದರೂ ಓದುತ್ತಿರುವಾಗ ಜೊತೆಯವರು ಎಣಿಸಲಿ. ವಯಸ್ಕರಿಗೆ 12ರಿಂದ 20 ಸಾಮಾನ್ಯ. ಸಹಜ ಉಸಿರಿನಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಬರುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು, ಉಪಯೋಗಕ್ಕೆ ಬಾರದೆ ವಾಪಸ್ ಹೋಗುತ್ತದೆ. ಮೇಲೆ ಮೇಲೆ ಬೇಗ ಬೇಗ ಉಸಿರಾಡುವುದಕ್ಕಿಂತ ನಿಧಾನವಾಗಿ ಆಳವಾಗಿ ಉಸಿರಾಡುವುದು ಏಕೆ ಲಾಭ ಎನ್ನುವುದು ಈ ಲೆಕ್ಕದಲ್ಲೇ ಇದೆ.

ಶ್ವಾಸನಾಳ ಕವಲೊಡೆದು ಕವಲೊಡೆದು ಕೊನೆಗೆ ವಾಯುಕೋಶಗಳಲ್ಲಿ ಮುಗಿಯುತ್ತದೆ. ಇವು ಗಾಳಿಯ ಪುಟ್ಟ ಚೀಲಗಳು, ಎರಡೂ ಶ್ವಾಸಕೋಶ ಸೇರಿ 30 ಕೋಟಿಗೂ ಜಾಸ್ತಿ. ಪ್ರತಿಯೊಂದರ ಸುತ್ತ ಲೋಮನಾಳಗಳ ಬಲೆ. ಆಮ್ಲಜನಕ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ದಾಟುತ್ತದೆ, ಇಂಗಾಲದ ಡೈಆಕ್ಸೈಡ್ ಎದುರು ದಿಕ್ಕಿನಲ್ಲಿ ಬರುತ್ತದೆ. ಒಳಗೆ ಎಳೆದ ಗಾಳಿಯಲ್ಲಿ ಸುಮಾರು ಶೇ 21 ಆಮ್ಲಜನಕ, ಹೊರಬಿಟ್ಟ ಗಾಳಿಯಲ್ಲಿ ಸುಮಾರು ಶೇ 16. ಅಂದರೆ ನಾವು ಹೊರಬಿಡುವುದು ಬರೀ ಇಂಗಾಲದ ಡೈಆಕ್ಸೈಡ್ ಅಲ್ಲ. ಹಾಗಿದ್ದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದರಿಂದ ಯಾರೂ ಬದುಕುತ್ತಿರಲಿಲ್ಲ.

ಉಸಿರು ಬಿಗಿ ಹಿಡಿದಾಗ ಬೇಗ ಬಿಡಬೇಕು ಎನಿಸುವುದು ಆಮ್ಲಜನಕ ಖಾಲಿಯಾಗಿದ್ದಕ್ಕಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದನ್ನು ಮೆದುಳಿನ ಕೆಳಭಾಗ ಗುರುತಿಸಿದ್ದಕ್ಕೆ. ಇದರಿಂದ ಒಂದು ದೊಡ್ಡ ಅಪಾಯವೂ ಇದೆ. ನೀರಿನಲ್ಲಿ ಮುಳುಗುವ ಮುಂಚೆ ಜೋರು ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ತೀರಾ ಇಳಿಯುತ್ತದೆ. ಆಗ ಎಚ್ಚರಿಕೆಯ ಗಂಟೆಯೇ ಬಾರಿಸದೆ, ಆಮ್ಲಜನಕ ಮುಗಿದು ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಇಂಥ ಪಂದ್ಯ ಯಾವತ್ತೂ ಬೇಡ.

ಹಂತ 3: ತುತ್ತಿನ ಜೊತೆ ಇಳಿಯಿರಿ

ಹಿಟ್ಟಿನ ಅಂಶ ಇರುವ, ಸಿಹಿ ಹಾಕದ ಒಂದು ತುತ್ತನ್ನು ಬಾಯಲ್ಲೇ ಒಂದೆರಡು ನಿಮಿಷ ಅಗಿಯಿರಿ. ಮೆಲ್ಲಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಿದೆ. ಕಿಣ್ವ ಎಂದರೆ ರಾಸಾಯನಿಕ ಕೆಲಸವನ್ನು ಬೇಗ ಮಾಡಿಸುವ ಪ್ರೋಟೀನ್. ಜೀರ್ಣಕ್ರಿಯೆ ಎನ್ನುವುದು ಇದೇ. ದೊಡ್ಡ ಅಣುಗಳನ್ನು ಕರುಳಿನ ಗೋಡೆ ದಾಟುವಷ್ಟು ಚಿಕ್ಕದಾಗಿ ಒಡೆಯುವುದು.

ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ಇಳಿಯುತ್ತದೆ. ಬೀಳುವುದಲ್ಲ, ಸ್ನಾಯುಗಳು ಅಲೆ ಅಲೆಯಾಗಿ ಹಿಂಡಿ ಒಯ್ಯುತ್ತವೆ. ಜಠರದಲ್ಲಿ ಆಮ್ಲ ಮತ್ತು ಕಿಣ್ವ ಸೇರಿ ಪ್ರೋಟೀನನ್ನು ಒಡೆಯಲು ಶುರು ಮಾಡುತ್ತವೆ. ಅಷ್ಟು ಕಟುವಾದ ಆಮ್ಲ ಜಠರವನ್ನೇ ಸುಡದಿರಲು ಒಳಗೆ ಲೋಳೆಯ ಪದರವಿದೆ. ಹೊಟ್ಟೆಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಎಂದು ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದರು. ಮಾರ್ಷಲ್ ಅಂತೂ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ಇನ್ನೊಂದು ಮುಖ್ಯ ಕಾರಣ ಕೆಲವು ನೋವಿನ ಮಾತ್ರೆಗಳನ್ನು ದಿನಗಟ್ಟಲೆ ನುಂಗುವುದು.

"ಊಟ ಜೀರ್ಣವಾಗುವುದು ಹೊಟ್ಟೆಯಲ್ಲಿ" ಎಂಬುದು ಅರ್ಧ ಸತ್ಯ. ಬಹುಪಾಲು ಕೆಲಸ ಸಣ್ಣ ಕರುಳಿನದು. ಉದ್ದ ಸುಮಾರು 6 ಮೀಟರ್. ಇಲ್ಲಿಗೆ ಎರಡು ಕಡೆಯಿಂದ ಸಹಾಯ ಬರುತ್ತದೆ. ಮೇದೋಜೀರಕ ಗ್ರಂಥಿ, ಅಂದರೆ ಜಠರದ ಹಿಂದೆ ಮಲಗಿರುವ ಪ್ಯಾಂಕ್ರಿಯಾಸ್, ಕಿಣ್ವಗಳನ್ನು ಕಳಿಸುತ್ತದೆ. ಯಕೃತ್ತು, ಅಂದರೆ ಲಿವರ್, ಪಿತ್ತರಸ ಮಾಡುತ್ತದೆ. ಪಿತ್ತಕೋಶ ಅದನ್ನು ಕೂಡಿಟ್ಟುಕೊಳ್ಳುತ್ತದೆ, ತಾನು ತಯಾರಿಸುವುದಿಲ್ಲ. ಹಾಗಾಗಿಯೇ ಪಿತ್ತಕೋಶ ತೆಗೆಸಿಕೊಂಡವರೂ ಕೊಬ್ಬು ಜೀರ್ಣಿಸಿಕೊಳ್ಳಬಲ್ಲರು.

ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಸೂಕ್ಷ್ಮ ಚಾಚುಗಳಿವೆ. ಇವುಗಳಿಂದ ಹೀರುವ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ. ಟೆನಿಸ್ ಅಂಗಳದಷ್ಟು ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಈಗಿನ ಅಳತೆಗಳ ಪ್ರಕಾರ ಅದು ಸುಮಾರು 30 ಚದರ ಮೀಟರ್. ಅದೇನೂ ಕಡಿಮೆಯಲ್ಲ ಬಿಡಿ.

ಈಗ ನಿಮ್ಮ ರಕ್ತದ ಚಿತ್ರಕ್ಕೆ ವಾಪಸ್ ಬನ್ನಿ. ಕರುಳಿನಿಂದ ಸಕ್ಕರೆ ಮತ್ತು ಅಮೈನೊ ಆಮ್ಲ (ಪ್ರೋಟೀನ್ ಒಡೆದಾಗ ಸಿಗುವ ಚೂರುಗಳು) ಹೊತ್ತ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ತಪಾಸಣೆ, ದಾಸ್ತಾನು, ವಿಷ ತೆಗೆಯುವುದು ಎಲ್ಲ ಆದ ಮೇಲೆ ಹೃದಯಕ್ಕೆ. ಈ ಅಡ್ಡದಾರಿಯನ್ನು ಚಿತ್ರದಲ್ಲಿ ಬಿಡಿಸದಿದ್ದರೆ ಯಕೃತ್ತಿನ ಕೆಲಸ ಯಾವತ್ತೂ ಹೊಳೆಯುವುದಿಲ್ಲ. ನುಂಗಿದ ಮಾತ್ರೆಯೂ ಇದೇ ದಾರಿಯಲ್ಲಿ ಹೋಗಿ ಒಂದಷ್ಟು ಯಕೃತ್ತಿನಲ್ಲೇ ಒಡೆದು ಹೋಗುತ್ತದೆ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನುಂಗಬೇಡಿ, ನಾಲಿಗೆ ಕೆಳಗೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. ಕೊಬ್ಬಿನ ದಾರಿ ಮಾತ್ರ ಬೇರೆ. ಅದರ ಹೆಚ್ಚಿನ ಪಾಲು ದುಗ್ಧನಾಳಗಳಲ್ಲಿ ಸಾಗಿ, ಕುತ್ತಿಗೆಯ ಬುಡದ ಹತ್ತಿರ ರಕ್ತಕ್ಕೆ ಸೇರುತ್ತದೆ. ದುಗ್ಧನಾಳ ಏನೆಂದು ಹಂತ 7ರಲ್ಲಿ ನೋಡೋಣ.

ಇನ್ನು ನೀರು. ಕುಡಿದದ್ದು, ತಿಂದದ್ದು, ದೇಹವೇ ಸುರಿಸುವ ರಸಗಳು ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಇಳಿಯುತ್ತದೆ. ಮಲದಲ್ಲಿ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದದ್ದನ್ನೆಲ್ಲ ಕರುಳು ವಾಪಸ್ ಹೀರುತ್ತದೆ. ಭೇದಿಯಾದಾಗ ಮಗು ಕೆಲವೇ ಗಂಟೆಗಳಲ್ಲಿ ಬಾಡಿಹೋಗುವುದು ಏಕೆ ಎಂದು ಈಗ ಗೊತ್ತಾಯಿತಲ್ಲ. ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಕರುಳಿನ ಗೋಡೆ ದಾಟುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಓಆರ್‌ಎಸ್ ಕೆಲಸ ಮಾಡುವುದು ಈ ಒಂದು ಗುಟ್ಟಿನಿಂದ. ಅದಕ್ಕೇ ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು. ರುಚಿಗೆಂದು ಸಕ್ಕರೆ ಜಾಸ್ತಿ ಹಾಕಿದರೆ ಭೇದಿ ಇನ್ನೂ ಹೆಚ್ಚುತ್ತದೆ.

ಹಂತ 4: ಮೂತ್ರಪಿಂಡದ ಲೆಕ್ಕ ಹಾಕಿ

ಮೂತ್ರಪಿಂಡ, ಅಂದರೆ ಕಿಡ್ನಿ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳು, ಅಂದರೆ ಸೋಸುವ ಸೂಕ್ಷ್ಮ ಘಟಕಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮೂತ್ರವಾಗಿ ಹೊರಬರುವುದು ಒಂದೆರಡು ಲೀಟರ್. ಹಾಗಾದರೆ ಉಳಿದದ್ದು? ಬೇಕಾದದ್ದನ್ನೆಲ್ಲ ವಾಪಸ್ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಮೊದಲು ಎಲ್ಲವನ್ನೂ ಹೊರಗೆ ಹಾಕಿ, ಆಮೇಲೆ ಬೇಕಾದ್ದನ್ನು ಆರಿಸಿಕೊಳ್ಳುವ ಈ ಕ್ರಮ ದುಂದು ಎನಿಸಬಹುದು. ಆದರೆ ಇದರಲ್ಲಿ ಜಾಣತನವಿದೆ. ಪರಿಚಯವೇ ಇಲ್ಲದ ಹೊಸ ವಸ್ತು ಬಂದರೂ, ಅದನ್ನು ವಾಪಸ್ ತೆಗೆದುಕೊಳ್ಳದಿದ್ದರೆ ಸಾಕು.

ತಪ್ಪು ತಿಳಿಯುವ ಸಂಗತಿಗಳು ಮೂರು. ಯೂರಿಯಾ, ಅಂದರೆ ಪ್ರೋಟೀನ್ ಒಡೆದಾಗ ಉಳಿಯುವ ಕಸ, ತಯಾರಾಗುವುದು ಯಕೃತ್ತಿನಲ್ಲಿ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ ಅಷ್ಟೇ. ಎರಡನೆಯದು, ಮಲದ ಬಹುಪಾಲು ವಿಸರ್ಜನೆಯ, ಅಂದರೆ ಜೀವಕೋಶಗಳಲ್ಲಿ ಹುಟ್ಟಿದ ಕಸ ಹೊರಹಾಕುವುದರ, ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದು ಜೀವಕೋಶಗಳ ಒಳಗೆ ಹೋಗಿಯೇ ಇಲ್ಲ. ಮೂರನೆಯದು, ಮೂತ್ರಪಿಂಡದ ಕೆಲಸ ಬರೀ ಸೋಸುವುದಲ್ಲ. ರಕ್ತದೊತ್ತಡ ಹಿಡಿತದಲ್ಲಿಡುವುದು, ವಿಟಮಿನ್ ಡಿ ಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದು, ಕೆಂಪು ರಕ್ತಕಣ ಮಾಡು ಎಂದು ಅಸ್ಥಿಮಜ್ಜೆಗೆ ಹೇಳುವುದು, ಇವೂ ಅದರದೇ. ಮೂಳೆಯೊಳಗಿನ ಮೆತ್ತನೆಯ ತಿರುಳೇ ಅಸ್ಥಿಮಜ್ಜೆ.

ಮೂತ್ರದ ಬಣ್ಣ ಗಮನಿಸಿ. ತಿಳಿ ಹಳದಿ ಇದ್ದರೆ ನೀರು ಸಾಕಷ್ಟಿದೆ, ಕಡು ಹಳದಿಯಾದರೆ ಸಾಮಾನ್ಯವಾಗಿ ನೀರು ಕಡಿಮೆ. ಬಿ ವಿಟಮಿನ್ ಮಾತ್ರೆ ತಿಂದವರಿಗೆ ಮಾತ್ರ ಈ ಪರೀಕ್ಷೆ ಮೋಸ ಮಾಡುತ್ತದೆ. ಮೂತ್ರದಲ್ಲಿ ಕೆಂಪು ಕಂಡರೆ ನೋವಿಲ್ಲ ಎಂದು ಸುಮ್ಮನಿರಬೇಡಿ. ಮೂತ್ರಪಿಂಡದ ಕಾಯಿಲೆ ಶುರುವಿನಲ್ಲಿ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಆಗಾಗ ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕಾಗಿಯೇ.

ಹಂತ 5: ನರ ಮತ್ತು ಹಾರ್ಮೋನನ್ನು ಒಟ್ಟಿಗೆ ಓದಿ

ಇವೆರಡನ್ನೂ ಬೇರೆ ಬೇರೆ ಓದುವುದರಿಂದಲೇ ಗೊಂದಲ ಜಾಸ್ತಿ. ಎರಡರದೂ ಒಂದೇ ಕೆಲಸ, ಸಂದೇಶ ಕಳಿಸುವುದು. ನರ ನಿರ್ದಿಷ್ಟ ಜಾಗಕ್ಕೆ, ಕ್ಷಣಾರ್ಧದಲ್ಲಿ ಕಳಿಸುತ್ತದೆ. ಹಾರ್ಮೋನ್ ಎಂದರೆ ಗ್ರಂಥಿ ನೇರ ರಕ್ತಕ್ಕೆ ಬಿಡುವ ರಾಸಾಯನಿಕ. ಅದು ನಿಧಾನ, ಆದರೆ ಇಡೀ ದೇಹ ಸುತ್ತುತ್ತದೆ. ಅದನ್ನು ಗುರುತಿಸುವ ಗ್ರಾಹಕ ಇರುವ ಜೀವಕೋಶ ಮಾತ್ರ ಸ್ಪಂದಿಸುತ್ತದೆ.

1902ರವರೆಗೆ ಎಲ್ಲ ಸಂದೇಶವೂ ನರದಿಂದಲೇ ಎಂದು ನಂಬಿಕೆ ಇತ್ತು. ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯೊಂದರ ಕರುಳಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಕರುಳಿಗೆ ಆಮ್ಲ ಹಾಕಿದರು. ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಸುದ್ದಿ ರಕ್ತದ ಮೂಲಕ ಹೋಗಿತ್ತು. ಹೀಗೆ ಸಿಕ್ಕ ಸೆಕ್ರೆಟಿನ್ ಎಂಬುದೇ ಹಾರ್ಮೋನ್ ಎಂದು ಗುರುತಿಸಲಾದ ಮೊದಲ ವಸ್ತು.

ನರಗಳ ಕೆಲಸ ನೋಡಲು ಕನ್ನಡಿ ಮುಂದೆ ನಿಲ್ಲಿ. ಬೆಳಕಿರುವ ಕೋಣೆಯಲ್ಲಿ ಎರಡೂ ಕಣ್ಣು ಮುಚ್ಚಿ, ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ. ಪಾಪೆ ಸಣ್ಣದಾಗುವುದು ಕಾಣುತ್ತದೆ. ನಿಮ್ಮ ಇಷ್ಟದಿಂದ ಅದನ್ನು ತಡೆಯಲಾರಿರಿ. ಬಿಸಿ ತಾಗಿದಾಗ ಕೈ ಹಿಂದೆಳೆಯುವುದೂ ಇಂಥದ್ದೇ. ಆ ಆಜ್ಞೆ ಬರುವುದು ಮೆದುಳುಬಳ್ಳಿಯಿಂದ, ಅಂದರೆ ಬೆನ್ನುಮೂಳೆಯೊಳಗೆ ಇಳಿದಿರುವ ನರಗಳ ದಪ್ಪ ಕಟ್ಟಿನಿಂದ. ನೋವು ಮೆದುಳಿಗೆ ಗೊತ್ತಾಗುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಇದನ್ನು ಮಾತ್ರ ಮಾಡಿ ನೋಡಲು ಹೋಗಬೇಡಿ.

ಮೆದುಳಿನ ತೂಕ ಸುಮಾರು 1.4 ಕಿಲೊ, ದೇಹದ ತೂಕದ ಶೇ 2. ಆದರೆ ಸುಮ್ಮನೆ ಕೂತಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. "ನಾವು ಮೆದುಳಿನ ಶೇ 10 ಮಾತ್ರ ಬಳಸುತ್ತೇವೆ" ಎಂಬ ಮಾತು ಶುದ್ಧ ಸುಳ್ಳು.

ಹಾರ್ಮೋನ್ ಅರ್ಥವಾಗಲು ಒಂದೇ ಸೂತ್ರ ಸಾಕು. ಜಾಸ್ತಿಯಾದರೆ ತಡೆ, ಕಡಿಮೆಯಾದರೆ ಒತ್ತಾಯ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ, ಯಕೃತ್ತು ದಾಸ್ತಾನು ಮಾಡುತ್ತದೆ. ಉಪವಾಸದಲ್ಲಿ ಸಕ್ಕರೆ ಇಳಿದರೆ ಅದೇ ಗ್ರಂಥಿ ಗ್ಲೂಕಗಾನ್ ಬಿಟ್ಟು ದಾಸ್ತಾನು ಬಿಚ್ಚಿಸುತ್ತದೆ. ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳೇ ನಾಶವಾಗಿರುತ್ತವೆ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ಜೀವಕೋಶಗಳು ಸರಿಯಾಗಿ ಸ್ಪಂದಿಸುವುದಿಲ್ಲ, ಬರಬರುತ್ತ ಗ್ರಂಥಿಯೂ ಸೋಲುತ್ತದೆ.

ಇದೇ ಸೂತ್ರದಿಂದ ಓದುಗರ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. "ಟಿಎಸ್‌ಎಚ್ ಜಾಸ್ತಿ ಬಂದಿದೆ, ಆದರೆ ಥೈರಾಯ್ಡ್ ಕಡಿಮೆ ಅಂತಾರೆ, ಇದೇನು?" ಟಿಎಸ್‌ಎಚ್ ಥೈರಾಯ್ಡ್‌ನ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕುತ್ತಿಗೆಯಲ್ಲಿರುವ ಥೈರಾಯ್ಡ್‌ಗೆ ಕಳಿಸುವ ಆಜ್ಞೆ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡದಿದ್ದಾಗ ಆಜ್ಞೆಯ ದನಿ ಏರುತ್ತದೆ.

ಹಂತ 6: ಮೂಳೆ, ಸ್ನಾಯು, ಚರ್ಮ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ತೋಳನ್ನು ಮಡಚಿ, ಇನ್ನೊಂದು ಕೈಯಿಂದ ಮುಟ್ಟಿ ನೋಡಿ. ಮುಂದಿನ ಸ್ನಾಯು ಗಟ್ಟಿಯಾಗುತ್ತದೆ. ಮೇಜನ್ನು ಕೆಳಕ್ಕೆ ಒತ್ತಿದರೆ ಹಿಂದಿನದು ಗಟ್ಟಿ. ಹಗ್ಗದ ಹಾಗೆ ಸ್ನಾಯುವೂ ಎಳೆಯಬಲ್ಲದು, ತಳ್ಳಲಾರದು. ಅದಕ್ಕೇ ಅವು ಎದುರುಬದುರು ಜೋಡಿಯಾಗಿರುವುದು. ಸ್ನಾಯುಗಳಲ್ಲಿ ಮೂರು ಬಗೆ: ನಮ್ಮ ಮಾತು ಕೇಳುವವು, ಕರುಳು ಮತ್ತು ರಕ್ತನಾಳಗಳಲ್ಲಿ ತಮ್ಮ ಪಾಡಿಗೆ ಕೆಲಸ ಮಾಡುವವು, ಮತ್ತು ಹೃದಯದ್ದೇ ಆದ ಸ್ನಾಯು.

ಮೂಳೆ ಒಣಗಿದ ವಸ್ತುವಲ್ಲ, ಜೀವಂತ ಅಂಗ. ದೇಹದ ಶೇ 99 ಕ್ಯಾಲ್ಸಿಯಂ ಅದರಲ್ಲಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ದೇಹ ಮೂಳೆಯಿಂದ ಎತ್ತುತ್ತದೆ. ಹಾಗಾಗಿ ರಕ್ತದ ಕ್ಯಾಲ್ಸಿಯಂ ಸರಿ ಇದೆ ಎಂದ ಮಾತ್ರಕ್ಕೆ ಮೂಳೆ ಗಟ್ಟಿ ಇದೆ ಎಂದಲ್ಲ. ಚರ್ಮದ ವಿಷಯದಲ್ಲಿ ಒಂದೇ ಮಾತು: ಬೆವರು ಹರಿದರೆ ತಂಪಾಗದು, ಆರಿದರೆ ತಂಪು. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಸೆಕೆ ತಡೆಯಲಾಗದಿರುವುದು ಅದಕ್ಕೇ.

ಹಂತ 7: ದುಗ್ಧರಸ ಮತ್ತು ರೋಗನಿರೋಧಕ ಪಡೆ

ಲೋಮನಾಳಗಳಿಂದ ಒಂದಷ್ಟು ದ್ರವ ಜೀವಕೋಶಗಳ ನಡುವೆ ಸೋರುತ್ತಲೇ ಇರುತ್ತದೆ. ಅದನ್ನು ಒಟ್ಟುಗೂಡಿಸಿ ರಕ್ತಕ್ಕೆ ವಾಪಸ್ ತರುವ ನಾಳಗಳೇ ದುಗ್ಧನಾಳಗಳು, ಒಳಗಿನ ದ್ರವ ದುಗ್ಧರಸ. ಇದಕ್ಕೆ ಹೃದಯದಂಥ ಪಂಪ್ ಇಲ್ಲ. ನಾಳಗಳ ಗೋಡೆಯ ಹಿಂಡುವಿಕೆ, ಕೈಕಾಲಿನ ಚಲನೆ, ಉಸಿರಾಟ ಇವೇ ಅದನ್ನು ಮುಂದೆ ಸರಿಸುತ್ತವೆ. ದಾರಿಯಲ್ಲಿ ದುಗ್ಧಗ್ರಂಥಿಗಳೆಂಬ ತಪಾಸಣೆಯ ಗಂಟುಗಳಿವೆ. ಗಂಟಲು ನೋವು ಬಂದಾಗ ದವಡೆಯ ಕೆಳಗೆ ಊದಿಕೊಳ್ಳುವುದು ಇವೇ. ಸೋಂಕು ಇಳಿದ ಮೇಲೆ ಇವೂ ಇಳಿಯುತ್ತವೆ. ನೋವಿಲ್ಲದ, ಗಟ್ಟಿಯಾದ, ವಾರಗಟ್ಟಲೆ ಬೆಳೆಯುತ್ತಲೇ ಇರುವ ಗಂಟಾದರೆ ವೈದ್ಯರಿಗೆ ತೋರಿಸಿ.

ರಕ್ಷಣೆಗೆ ಎರಡು ಸಾಲು. ಮೊದಲನೆಯದು ಯಾರು ಬಂದರೂ ಎದುರಿಸುತ್ತದೆ: ಚರ್ಮ, ಜಠರದ ಆಮ್ಲ, ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು. ಎರಡನೆಯದು ನಿರ್ದಿಷ್ಟ ರೋಗಾಣುವನ್ನು ಗುರುತಿಸಿ, ನೆನಪಿಟ್ಟುಕೊಳ್ಳುತ್ತದೆ. ಮೊದಲ ಸಲ ಇದಕ್ಕೆ ದಿನಗಳೇ ಬೇಕು, ಎರಡನೇ ಸಲ ಬಹಳ ಬೇಗ. ಲಸಿಕೆ ಮಾಡುವುದು ಆ ಮೊದಲ ಭೇಟಿಯನ್ನು ಅಪಾಯವಿಲ್ಲದೆ ಮುಗಿಸುವುದನ್ನೇ. "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂಬ ಜಾಹೀರಾತು ಕಂಡರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಈ ಪಡೆ ಅತಿಯಾದರೂ ಕಾಯಿಲೆಯೇ. ಅಲರ್ಜಿ, ಕೆಲವು ಬಗೆಯ ಸಂಧಿವಾತ, ಟೈಪ್ 1 ಮಧುಮೇಹ ಇವೆಲ್ಲ ದಾರಿ ತಪ್ಪಿದ ರೋಗನಿರೋಧಕತೆಯ ಫಲ.

ಹಂತ 8: ಸಂತಾನೋತ್ಪತ್ತಿ ವ್ಯೂಹ

ಒಬ್ಬ ವ್ಯಕ್ತಿ ಬದುಕಿರಲು ಬೇಕೇ ಬೇಕು ಎನ್ನಲಾಗದ ವ್ಯೂಹ ಇದೊಂದೇ. ಆದರೆ ಅಂಡಾಶಯ ಮತ್ತು ವೃಷಣಗಳು ಸುರಿಸುವ ಹಾರ್ಮೋನ್‌ಗಳು ಮೂಳೆಯಿಂದ ಹಿಡಿದು ಸ್ನಾಯುವಿನವರೆಗೆ ಎಲ್ಲಕ್ಕೂ ಬೇಕು. ಅಂಡಾಣು, ವೀರ್ಯಾಣು ಎರಡರಲ್ಲೂ ವಂಶವಾಹಿಗಳನ್ನು ಹೊತ್ತ 23 ಕ್ರೋಮೊಸೋಮ್‌ಗಳು, ಸೇರಿದಾಗ 46. ಲಿಂಗ ನಿರ್ಧರಿಸುವ ಕ್ರೋಮೊಸೋಮ್ ಅಂಡಾಣುವಿನಲ್ಲಿ ಎಕ್ಸ್ ಮಾತ್ರ, ವೀರ್ಯಾಣುವಿನಲ್ಲಿ ಎಕ್ಸ್ ಇಲ್ಲವೇ ವೈ. ಹಾಗಾಗಿ ಮಗು ಹೆಣ್ಣೋ ಗಂಡೋ ಎನ್ನುವುದು ವೀರ್ಯಾಣುವಿನ ಮೇಲೆ ನಿಂತಿದೆ.

ಅಂಡಾಣು ಮತ್ತು ವೀರ್ಯಾಣು ಸೇರುವುದು ಗರ್ಭಕೋಶದಲ್ಲಿ ಅಲ್ಲ, ಅಂಡನಾಳದಲ್ಲಿ. ಗರ್ಭಕೋಶಕ್ಕೆ ಬಂದು ಅಂಟಿಕೊಳ್ಳುವುದು ಕೆಲವು ದಿನಗಳ ನಂತರ. ಮುಟ್ಟಾದ 14ನೇ ದಿನವೇ ಅಂಡಾಣು ಬಿಡುಗಡೆ ಎಂಬ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ವಯಸ್ಕರಲ್ಲಿ ಚಕ್ರ 21ರಿಂದ 35 ದಿನ ಇರಬಹುದು. ಬಿಡುಗಡೆ ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಈ ಎಣಿಕೆಯನ್ನೇ ನಂಬಿ ಗರ್ಭನಿರೋಧ ಮಾಡಲು ಹೋಗಿ ಮೋಸ ಹೋಗುವವರು ಜಾಸ್ತಿ.

ಹಂತ 9: ಎಲ್ಲವನ್ನೂ ಒಂದೇ ಹಾಳೆಯಲ್ಲಿ ಜೋಡಿಸಿ

ಎರಡು ಮಹಡಿ ಮೆಟ್ಟಿಲು ಹತ್ತಿ. ಹೃದಯದ ತೊಂದರೆ, ಉಬ್ಬಸ, ಮಂಡಿನೋವು ಇರುವವರು ಇದನ್ನು ಮನಸ್ಸಿನಲ್ಲೇ ಮಾಡಿದರೂ ಸಾಕು. ಹತ್ತಿದ ಕೂಡಲೇ ನಾಡಿ, ಉಸಿರು ಎಣಿಸಿ, ಮೊದಲಿನ ಸಂಖ್ಯೆಯ ಪಕ್ಕ ಬರೆಯಿರಿ. ಈಗ ಪುಸ್ತಕ ನೋಡದೆ, ಏನೇನಾಯಿತು ಎಂದು ಬಾಣದ ಗುರುತು ಹಾಕುತ್ತ ಬರೆಯಿರಿ. ಸ್ನಾಯು ಆಮ್ಲಜನಕ ಕೇಳಿತು, ಇಂಗಾಲದ ಡೈಆಕ್ಸೈಡ್ ಏರಿತು, ಮೆದುಳಿಗೆ ಗೊತ್ತಾಯಿತು, ಉಸಿರು ಹೆಚ್ಚಿತು, ಹೃದಯ ವೇಗವಾಯಿತು, ಕರುಳಿನ ಕಡೆ ಹೋಗುವ ರಕ್ತ ಕಡಿಮೆಯಾಯಿತು, ಯಕೃತ್ತು ಸಕ್ಕರೆ ಬಿಟ್ಟಿತು, ಚರ್ಮ ಬೆವರಿತು. ಬಾಣ ಎಲ್ಲಿ ತಡವರಿಸುತ್ತದೋ ಆ ಹಂತಕ್ಕೆ ಮತ್ತೆ ಹೋಗಿ.

ಇನ್ನು ಕೈಯಲ್ಲಿ ರಿಪೋರ್ಟ್ ಹಿಡಿದವರಿಗೆ. ಪ್ರತಿ ಸಾಲಿನ ಪಕ್ಕ ಅದು ಯಾವ ವ್ಯೂಹದ್ದು ಎಂದು ಬರೆಯಿರಿ. ಕ್ರಿಯಾಟಿನಿನ್ ಮೂತ್ರಪಿಂಡದ ಸೋಸುವಿಕೆಯನ್ನು ಹೇಳುತ್ತದೆ, ಆದರೆ ಅದು ಹುಟ್ಟುವುದು ಸ್ನಾಯುವಿನಲ್ಲಿ. ಹಾಗಾಗಿ ಮೈಕಟ್ಟು ಜಾಸ್ತಿ ಇರುವವರಲ್ಲಿ ತುಸು ಹೆಚ್ಚಿರಬಹುದು. ಬಿಲಿರುಬಿನ್ ಹಳೆಯ ಕೆಂಪು ಕಣ ಒಡೆದಾಗ ಹುಟ್ಟಿ, ಯಕೃತ್ತಿನ ಮೂಲಕ ಪಿತ್ತರಸದಲ್ಲಿ ಹೊರಹೋಗುತ್ತದೆ. ಅದು ಏರಿದರೆ ತೊಂದರೆ ರಕ್ತದಲ್ಲೂ ಇರಬಹುದು, ಯಕೃತ್ತಿನಲ್ಲೂ, ಪಿತ್ತನಾಳದಲ್ಲೂ.

ಹಿಮೋಗ್ಲೋಬಿನ್, ಅಂದರೆ ಕೆಂಪು ಕಣಗಳಲ್ಲಿ ಆಮ್ಲಜನಕ ಹೊರುವ ಪ್ರೋಟೀನ್, ಕಡಿಮೆ ಬಂದಿದೆ ಎಂದುಕೊಳ್ಳಿ. ಕೆಂಪು ಕಣ ತಯಾರಾಗುವುದು ಮೂಳೆಯೊಳಗೆ, ಅದಕ್ಕೆ ಬೇಕಾದ ಕಬ್ಬಿಣ ಹೀರುವುದು ಸಣ್ಣ ಕರುಳು, ಆಜ್ಞೆ ಮೂತ್ರಪಿಂಡದ್ದು, ಮುಟ್ಟಿನಲ್ಲೋ ಕರುಳಿನ ಹುಣ್ಣಿನಲ್ಲೋ ರಕ್ತ ಸೋರಿ ಹೋಗುತ್ತಿರಬಹುದು. ಒಂದು ಕಣದ ಆಯಸ್ಸು ಸುಮಾರು 120 ದಿನ, ಅದಕ್ಕಿಂತ ಬೇಗ ಒಡೆಯುತ್ತಿರಲೂಬಹುದು. ವೈದ್ಯರು ಇದೊಂದು ಸಂಖ್ಯೆ ನೋಡಿ ಮಲಪರೀಕ್ಷೆ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಪರೀಕ್ಷೆ), ಕ್ರಿಯಾಟಿನಿನ್ ಎಲ್ಲ ಬರೆದುಕೊಟ್ಟರೆ ಅವರು ಈ ದಾರಿಗಳಲ್ಲೇ ಹುಡುಕುತ್ತಿದ್ದಾರೆ. ಕಾರಣ ಗೊತ್ತಾಗುವ ಮೊದಲೇ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗಬೇಡಿ. ಸಂಖ್ಯೆ ಏರಬಹುದು, ಸೋರಿಕೆ ಹಾಗೇ ಉಳಿಯಬಹುದು.